ತಲೆಗೂದಲು, ಗಡ್ಡ, ಹಚ್ಚೆ: ಕೆಲಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಹತೆ, ಅನುಭವ, ಸಂಬಳ ಇವುಗಳ ಬಗ್ಗೆ ಕೆಲಸ ಹುಡುಕುವವರಿಗೆ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಡ್ಡ ಬಿಟ್ಟುಕೊಂಡೇ ಸಂದರ್ಶನಕ್ಕೆ ಹೋಗಬಹುದೇ, ಉದ್ದ ಕೂದಲು ಬಿಟ್ಟ ಗಂಡಸನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಯೇ, ಕೈಮೇಲಿನ ಹಚ್ಚೆಯನ್ನು ಮುಚ್ಚಬೇಕೇ ಎಂಬ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಲು ಹೆಚ್ಚಿನವರು ಸಂಕೋಚಪಡುತ್ತಾರೆ. ಹಾಗೆ ಕೇಳದೇ ಉಳಿದ ಪ್ರಶ್ನೆಗಳಿಂದಾಗಿಯೇ ಕೆಲವರು ಬೇಡದ ಕಡೆ ಕೂದಲು ಕತ್ತರಿಸಿಕೊಳ್ಳುತ್ತಾರೆ, ಇನ್ನು ಕೆಲವರು ಸಿಗಬಹುದಾಗಿದ್ದ ಕೆಲಸಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಇಲ್ಲಿ ಉದಾಹರಿಸಿದ ತೀರ್ಪುಗಳು ಎಲ್ಲ ಕಡೆಯೂ ಅನ್ವಯಿಸುವುದಿಲ್ಲ. ನ್ಯಾಯಾಲಯಗಳು ಈ ವಿಷಯವನ್ನು ಹೇಗೆ ಯೋಚಿಸುತ್ತವೆ ಎಂಬುದನ್ನು ತೋರಿಸಲು ಅವುಗಳನ್ನು ಬಳಸಿದ್ದೇನೆ.

ನನ್ನ ಕೂದಲು ಹೇಗಿರಬೇಕೆಂದು ಹೇಳುವ ಅಧಿಕಾರ ಉದ್ಯೋಗದಾತರಿಗೆ ನಿಜವಾಗಿಯೂ ಇದೆಯೇ?

ಬಹುಮಟ್ಟಿಗೆ ಇದೆ, ಆದರೆ ಅದಕ್ಕೆ ಮಿತಿಯಿದೆ. ಹೆಚ್ಚಿನ ದೇಶಗಳಲ್ಲಿ ಉಡುಪು ಮತ್ತು ಅಲಂಕಾರದ ಬಗ್ಗೆ ನಿಯಮ ಮಾಡುವುದನ್ನು ಸಂಸ್ಥೆಯ ಆಡಳಿತದ ಸಹಜ ಭಾಗವೆಂದೇ ಕಾನೂನು ಪರಿಗಣಿಸುತ್ತದೆ. ಆ ನಿಯಮವು ಧರ್ಮ, ಜನಾಂಗ, ಲಿಂಗ, ಅಂಗವೈಕಲ್ಯ ಇಂಥ ಕಾನೂನು ರಕ್ಷಿಸಿರುವ ಗುರುತುಗಳಲ್ಲಿ ಒಂದನ್ನು ತಾಗಿದಾಗ ಮಾತ್ರ, ನಿಯಮಕ್ಕೆ ಕಾರಣವೇನು ಎಂದು ಉದ್ಯೋಗದಾತರು ಉತ್ತರ ಹೇಳಬೇಕಾಗುತ್ತದೆ. ಕೆಲವೇ ಕೆಲವು ಕಡೆ ರಕ್ಷಣೆ ಇನ್ನೂ ವಿಶಾಲವಾಗಿದೆ: ಅಮೆರಿಕದ ರಾಜಧಾನಿ ವಾಷಿಂಗ್ಟನ್ ಇರುವ ಕೊಲಂಬಿಯಾ ಜಿಲ್ಲೆಯ ಮಾನವ ಹಕ್ಕುಗಳ ಕಾಯ್ದೆಯು ಹೊರನೋಟವನ್ನೇ ರಕ್ಷಿತ ಗುರುತುಗಳ ಪಟ್ಟಿಗೆ ಸೇರಿಸಿದೆ.

ಆದ್ದರಿಂದ ಯಾವುದೇ ನಿಯಮವನ್ನು ಕಂಡಾಗ ಅದು ಯಾವ ಉದ್ದೇಶದಿಂದ ಹುಟ್ಟಿದೆ ಎಂದು ಮೊದಲು ನೋಡಿಕೊಳ್ಳಬೇಕು. ಅಪಘಾತವನ್ನು ತಡೆಯಲು, ಶುಚಿತ್ವವನ್ನು ಕಾಪಾಡಲು, ಅಥವಾ ಸಂಸ್ಥೆಯ ಹೆಸರಿಗೆ ಒಪ್ಪುವ ಚಿತ್ರವೊಂದನ್ನು ಗ್ರಾಹಕರ ಮುಂದೆ ನಿಲ್ಲಿಸಲು ನಿಯಮಗಳು ಬರುತ್ತವೆ. ಮೊದಲ ಎರಡಕ್ಕೆ ಕೆಲಸದಲ್ಲೇ ಕಾರಣವಿರುತ್ತದೆ. ಮೂರನೆಯದು ಅಭಿರುಚಿಯ ಮಾತು, ಮತ್ತು ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಯೇ.

ಸಂಸ್ಥೆ ಹೇಳಿದ ಬಟ್ಟೆ ಹಾಕಿಕೊಳ್ಳುತ್ತೇವಲ್ಲ, ಕೂದಲಿನ ನಿಯಮವನ್ನೂ ಹಾಗೆಯೇ ಪಾಲಿಸಿದರೆ ಆಗುವುದಿಲ್ಲವೇ?

ಎರಡೂ ಒಂದೇ ಎಂದು ಮಾತಾಡುವುದು ರೂಢಿಯಲ್ಲಿದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಸಮವಸ್ತ್ರವನ್ನು ಸಂಜೆ ಕಳಚಿಡಬಹುದು. ಕತ್ತರಿಸಿದ ಕೂದಲು, ಬೋಳಿಸಿದ ಗಡ್ಡ, ರಾಸಾಯನಿಕ ಹಾಕಿ ನೇರ ಮಾಡಿದ ಗುಂಗುರು ಇವೆಲ್ಲ ಕೆಲಸದ ಅವಧಿ ಮುಗಿದ ಮೇಲೂ, ರಜೆಯ ದಿನವೂ, ಮನೆಯವರ ನಡುವೆಯೂ ಹಾಗೆಯೇ ಉಳಿಯುತ್ತವೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಸೊಂಟದವರೆಗಿನ ಕೂದಲನ್ನು ಒಂದು ಸಂದರ್ಶನಕ್ಕಾಗಿ ಕತ್ತರಿಸಿದವರು ಅದನ್ನು ಮರಳಿ ಪಡೆಯಲು ಹಲವು ವರ್ಷ ಕಾಯಬೇಕಾಗುತ್ತದೆ. ಹೀಗಾಗಿ, ದುಡಿಮೆಯ ಹೊತ್ತಿನಾಚೆಗೂ ಒಬ್ಬರ ಬದುಕಿಗೆ ಕೈಹಾಕುವ ನಿಯಮಕ್ಕೆ ಬಟ್ಟೆಯ ನಿಯಮಕ್ಕಿಂತ ಗಟ್ಟಿಯಾದ ಕಾರಣ ಬೇಕು ಎಂದು ಅಭ್ಯರ್ಥಿ ಕೇಳುವುದರಲ್ಲಿ ಯಾವ ಅತಿರೇಕವೂ ಇಲ್ಲ.

ಕೂದಲನ್ನು ಕಟ್ಟಬೇಕು, ಮುಚ್ಚಬೇಕು, ತುರುಬು ಹಾಕಬೇಕು ಎಂಬ ನಿಯಮಗಳು ಈ ಮಾತಿಗೆ ಹೊರತು. ಅವು ಬಟ್ಟೆಯ ನಿಯಮದಂತೆಯೇ ಕೆಲಸದ ಹೊತ್ತಿಗೆ ಸೀಮಿತವಾಗಿರುತ್ತವೆ. ಕತ್ತರಿಸಬೇಕು, ಬೋಳಿಸಬೇಕು, ನೇರ ಮಾಡಿಸಬೇಕು ಎನ್ನುವ ನಿಯಮ ಎದುರಾದಾಗ, ಕಟ್ಟಿ ಅಥವಾ ಮುಚ್ಚಿ ಇಟ್ಟುಕೊಂಡರೆ ಸಾಲದೇ ಎಂದು ಕೇಳುವುದು ಸರಿಯಾದ ಮೊದಲ ಹೆಜ್ಜೆ.

ಗಡ್ಡ ಇದ್ದರೆ ಸುರಕ್ಷತೆಗೆ ತೊಂದರೆ ಎನ್ನುತ್ತಾರೆ. ಇದು ನಿಜವೋ, ನೆಪವೋ?

ಎರಡೂ ಆಗಬಹುದು, ಕೆಲಸ ಯಾವುದೆಂಬುದರ ಮೇಲೆ ಅದು ನಿಂತಿದೆ. ವಿಷಾನಿಲ, ಸಿಲಿಕಾ ದೂಳು, ಕಲ್ನಾರಿನ ನಾರು ಇಂಥವುಗಳ ನಡುವೆ ಕೆಲಸ ಮಾಡುವವರು ಮುಖಕ್ಕೆ ಬಿಗಿಯಾಗಿ ಕೂರುವ ಉಸಿರಾಟದ ಮುಖವಾಡ ಧರಿಸುತ್ತಾರೆ. ಆ ಮುಖವಾಡದ ಅಂಚು ಚರ್ಮಕ್ಕೆ ನೇರವಾಗಿ ಅಂಟಿಕೊಂಡಾಗ ಮಾತ್ರ ಒಳಬರುವ ಗಾಳಿ ಶೋಧಕದ ಮೂಲಕವೇ ಬರುತ್ತದೆ. ಅಂಚಿಗೂ ಚರ್ಮಕ್ಕೂ ನಡುವೆ ಕೂದಲು ಸಿಕ್ಕಿಕೊಂಡರೆ ಉಸಿರೆಳೆದಾಗ ಕಲುಷಿತ ಗಾಳಿ ಆ ಸಂದಿಯಿಂದ ಒಳಗೆ ನುಗ್ಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಆಡಳಿತದ ನಿಯಮಾವಳಿಯು ಈ ಕಾರಣಕ್ಕಾಗಿಯೇ ಮುಖವಾಡದ ಅಂಚು ತಾಗುವ ಜಾಗದಲ್ಲಿ ಗಡ್ಡ ಇರುವವರಿಗೆ ಬಿಗಿ ಮುಖವಾಡ ಕೊಡಬಾರದೆಂದು ಹೇಳುತ್ತದೆ. ಕೆಲವೇ ದಿನಗಳ ಕುರುಚಲು ಗಡ್ಡವೂ ಇಲ್ಲಿ ಅಡ್ಡಿಯಾಗುತ್ತದೆ.

ಆದರೆ ಇದೇ ನಿಯಮವನ್ನು ಗಮನವಿಟ್ಟು ಓದಿದರೆ ಇನ್ನೊಂದು ಮಾತೂ ತಿಳಿಯುತ್ತದೆ. ತಡೆ ಇರುವುದು ಅಂಚಿನ ಕೆಳಗೆ ಬರುವ ಕೂದಲಿಗೆ ಮಾತ್ರ. ಅಂಚಿನ ಒಳಗೇ ಉಳಿದು, ಮುಖವಾಡದ ಕವಾಟಕ್ಕೆ ತಾಗದ ಚಿಕ್ಕ ಮೀಸೆಗೆ ತಡೆಯಿಲ್ಲ. ತಲೆಯನ್ನೆಲ್ಲ ಆವರಿಸುವ ಸಡಿಲ ಕವಚಕ್ಕೆ ಬ್ಯಾಟರಿಚಾಲಿತ ಪಂಖದಿಂದ ಶುದ್ಧ ಗಾಳಿ ಹರಿಸುವ ಉಪಕರಣಗಳೂ ಇವೆ. ಅವು ಚರ್ಮಕ್ಕೆ ಅಂಟಬೇಕಾಗಿಲ್ಲವಾದ್ದರಿಂದ ಗಡ್ಡವಿದ್ದವರೂ ಧರಿಸಬಹುದು. ಅವುಗಳ ಬೆಲೆ ಹೆಚ್ಚು, ಎಲ್ಲ ಬಗೆಯ ಅಪಾಯಕ್ಕೂ ಅವು ಹೊಂದುವುದಿಲ್ಲ ಎಂಬುದೂ ಸತ್ಯ. ಹಾಗಿದ್ದರೂ ಗಡ್ಡ ತೆಗೆಯದೆ ಬೇರೆ ದಾರಿಯೇ ಇಲ್ಲ ಎಂದು ಹೇಳುವವರು ಈ ಉಪಕರಣವನ್ನು ಪರಿಶೀಲಿಸಿದ್ದಾರೆಯೇ ಎಂದು ವಿನಯದಿಂದ ಕೇಳಬಹುದು. ಮುಖವಾಡದ ಅಗತ್ಯವೇ ಇಲ್ಲದ ಲೆಕ್ಕಪತ್ರ ವಿಭಾಗಕ್ಕೂ ಅದೇ ನಿಯಮವನ್ನು ಎಳೆದು ತಂದರೆ, ಅಲ್ಲಿ ಸುರಕ್ಷತೆಯೆಂಬುದು ನೆಪವಾಗಿರುವ ಸಾಧ್ಯತೆಯೇ ಹೆಚ್ಚು.

ಉದ್ದ ಕೂದಲಿನ ವಿಷಯವೂ ಹೀಗೆಯೇ. ತಿರುಗುವ ದಂಡ, ಬೆಲ್ಟು, ಕೊರೆಯುವ ಯಂತ್ರ ಇವುಗಳಿಗೆ ಬಿಚ್ಚಿದ ಕೂದಲು ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತುಬಂದ ಅಪಘಾತಗಳು ಕಾರ್ಖಾನೆಗಳ ಇತಿಹಾಸದಲ್ಲಿ ಇವೆ. ಅಲ್ಲಿ ಕೂದಲನ್ನು ಬಿಗಿಯಾಗಿ ಕಟ್ಟಿ ಟೋಪಿಯೊಳಗೆ ಸೇರಿಸಬೇಕೆಂಬ ನಿಯಮವನ್ನು ಒಂದು ಕ್ಷಣವೂ ಪ್ರಶ್ನಿಸಬಾರದು. ಆ ನಿಯಮ ಗಂಡಸು, ಹೆಂಗಸು ಎನ್ನದೆ ಉದ್ದ ಕೂದಲಿರುವ ಎಲ್ಲರಿಗೂ ಅನ್ವಯವಾಗಬೇಕು, ಅಷ್ಟೇ.

ಆಹಾರ ತಯಾರಿಕೆ ಮತ್ತು ಆಸ್ಪತ್ರೆಯ ಕೆಲಸಗಳಲ್ಲಿ ಏನನ್ನು ನಿರೀಕ್ಷಿಸಬೇಕು?

ಇಲ್ಲಿ ನಿಯಮಗಳು ಕಟ್ಟುನಿಟ್ಟು, ಮತ್ತು ಹೆಚ್ಚಿನವು ಸಮರ್ಥನೀಯ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಿದ್ಧಪಡಿಸಿರುವ ಮಾದರಿ ಆಹಾರ ಸಂಹಿತೆಯು ತಲೆಗೆ ಟೋಪಿ ಅಥವಾ ಬಲೆ, ಗಡ್ಡಕ್ಕೂ ಬಲೆ ಹಾಕಿಕೊಳ್ಳಬೇಕೆಂದು ಹೇಳುತ್ತದೆ. ಕೈಬೆರಳಿಗೆ ಸಾದಾ ಉಂಗುರವೊಂದನ್ನು ಬಿಟ್ಟು ಕೈಗೆ, ತೋಳಿಗೆ ಬೇರೆ ಆಭರಣ ಬೇಡವೆನ್ನುತ್ತದೆ. ಉಗುರುಬಣ್ಣ ಅಥವಾ ಕೃತಕ ಉಗುರು ಇದ್ದವರು ಹರಿಯದ ಕೈಗವಸು ಹಾಕಿಕೊಳ್ಳದೆ ಆಹಾರ ಮುಟ್ಟಬಾರದೆನ್ನುತ್ತದೆ. ಗಡ್ಡವನ್ನು ತೆಗೆಯಿರಿ ಎನ್ನದೆ ಮುಚ್ಚಿಕೊಳ್ಳಿ ಎಂದು ಆ ಸಂಹಿತೆ ಹೇಳಿರುವುದನ್ನು ಗಮನಿಸಬೇಕು. ಗಡ್ಡವಿರುವವರನ್ನು ಅಡುಗೆಮನೆಗೆ ಸೇರಿಸುವುದೇ ಇಲ್ಲ ಎನ್ನುವ ಸಂಸ್ಥೆಯು ಶುಚಿತ್ವ ಕೇಳುವುದಕ್ಕಿಂತ ಹೆಚ್ಚಿನದನ್ನು ಕೇಳುತ್ತಿದೆ.

ಆಸ್ಪತ್ರೆಗಳಲ್ಲಿ ಗಮನ ಇರುವುದು ಮುಖ್ಯವಾಗಿ ಕೈಗಳ ಮೇಲೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲಿ, ರೋಗಿಗಳನ್ನು ಮುಟ್ಟುವ ಸಿಬ್ಬಂದಿ ಮೊಣಕೈಯಿಂದ ಕೆಳಗೆ ಅಂಗಿಯ ತೋಳು, ಗಡಿಯಾರ, ಆಭರಣ ಯಾವುದೂ ಇಲ್ಲದೆ ಇರಬೇಕೆಂಬ ಪದ್ಧತಿಯನ್ನು ತಂದಿತು. ಧಾರ್ಮಿಕ ಕಾರಣಕ್ಕಾಗಿ ಮುಂಗೈ ಮುಚ್ಚಿಕೊಳ್ಳಬೇಕಾದವರು ಒಮ್ಮೆ ಬಳಸಿ ಬಿಸಾಡುವ ತೋಳುಗವಸನ್ನು ಉಪಯೋಗಿಸಬಹುದು ಎಂಬ ದಾರಿಯನ್ನು 2010ರ ಮಾರ್ಗಸೂಚಿ ತೋರಿಸಿತು. ಸೋಂಕು ತಡೆಯುವ ಗುರಿಯೂ ಈಡೇರಿತು, ಒಬ್ಬರ ನಂಬಿಕೆಯೂ ಉಳಿಯಿತು. ಒಳ್ಳೆಯ ನಿಯಮ ಎಂದರೆ ಹೀಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಸಂದರ್ಶನಕ್ಕೆ ಮೊದಲೇ ಕೂದಲು ಕತ್ತರಿಸಿಕೊಳ್ಳಬೇಕೇ?

ಸಂಸ್ಥೆ ಹಾಗೆ ಕೇಳಿದೆಯೆಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಬೇಡ. ಸಂದರ್ಶಕರು ಮೊದಲ ನೋಟದಲ್ಲಿ ಅಳೆಯುವುದು ಕೂದಲಿನ ಉದ್ದಕ್ಕಿಂತ ಅದರ ಅಚ್ಚುಕಟ್ಟನ್ನು. ತೊಳೆದು, ಬಾಚಿ, ಮುಖದ ಮೇಲೆ ಬೀಳದಂತೆ ಹಿಂದಕ್ಕೆ ಕಟ್ಟಿದ ಉದ್ದ ಕೂದಲು, ಅಂಚು ತಿದ್ದಿದ ಗಡ್ಡ, ಬಿಗಿಯಾಗಿ ಹೆಣೆದ ಸಣ್ಣ ಜಡೆಗಳು ಇವೆಲ್ಲವೂ ಅಚ್ಚುಕಟ್ಟೇ. ಸಂದರ್ಶನದ ಹಿಂದಿನ ದಿನ ಹೊಸ ಶೈಲಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವುದಂತೂ ಒಳ್ಳೆಯದಲ್ಲ, ಏಕೆಂದರೆ ಅದು ಸರಿಹೋಗದಿದ್ದರೆ ತಿದ್ದಲು ಸಮಯವಿರುವುದಿಲ್ಲ, ಮತ್ತು ಅಭ್ಯಾಸವಿಲ್ಲದ ತಲೆಯನ್ನು ಮುಟ್ಟಿ ನೋಡಿಕೊಳ್ಳುವುದರಲ್ಲೇ ಮನಸ್ಸು ಚದುರುತ್ತದೆ. ಹೆಚ್ಚಾಗಿ ಪರಿಮಳ ಹಾಕಿಕೊಳ್ಳುವುದನ್ನೂ ಆ ದಿನ ಬಿಡಬೇಕು. ಎದುರು ಕೂತವರಿಗೆ ಅದು ತಲೆನೋವು ಅಥವಾ ಉಬ್ಬಸ ತರಬಹುದು.

ಇಲ್ಲಿ ಇನ್ನೊಂದು ವಾದವನ್ನೂ ಪ್ರಾಮಾಣಿಕವಾಗಿ ತೂಗಿನೋಡಬೇಕು. ಮೊದಲು ಕೆಲಸ ಸಿಗಲಿ, ಆಮೇಲೆ ಕೂದಲು ಬೆಳೆಸಿಕೊಂಡರಾಯಿತು ಎಂದು ಹಿರಿಯರೂ ಸ್ನೇಹಿತರೂ ಹೇಳುತ್ತಾರೆ. ಕೈಯಲ್ಲಿ ಕಾಸಿಲ್ಲದ, ಸಾಲದ ಕಂತು ತಲೆಯ ಮೇಲಿರುವ ವ್ಯಕ್ತಿಗೆ ಈ ಮಾತು ತಪ್ಪೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆಯ್ಕೆಯಿರುವವರು ನೆನಪಿಡಬೇಕಾದ್ದು, ಸಂದರ್ಶನದಲ್ಲಿ ಕಂಡ ರೂಪವನ್ನೇ ಸಂಸ್ಥೆ ತಾನು ನೇಮಿಸಿಕೊಂಡ ರೂಪವೆಂದು ಭಾವಿಸುತ್ತದೆ. ಆರು ತಿಂಗಳ ನಂತರ ಬದಲಾದ ರೂಪದಲ್ಲಿ ಬಂದಾಗ ಆಗುವ ತಕರಾರು ಸಂದರ್ಶನದ ದಿನದ ತಕರಾರಿಗಿಂತ ಕಹಿಯಾಗಿರುತ್ತದೆ. ನೀವು ನಿತ್ಯ ಹೇಗಿರಬೇಕೆಂದು ಬಯಸುತ್ತೀರೋ ಅದರ ಅತ್ಯಂತ ಅಚ್ಚುಕಟ್ಟಾದ ರೂಪದಲ್ಲಿ ಸಂದರ್ಶನಕ್ಕೆ ಹೋಗುವುದು ಒಳ್ಳೆಯದು.

ನಿಯಮವೇನೆಂದು ಮೊದಲೇ ತಿಳಿದುಕೊಳ್ಳುವುದು ಹೇಗೆ? ಕೇಳಿದರೆ ತಪ್ಪು ತಿಳಿಯುತ್ತಾರೆಯೇ?

ಕೇಳುವ ಸಮಯ ಮತ್ತು ಕೇಳುವ ಮಾತು ಸರಿಯಾಗಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲು ಉದ್ಯೋಗ ಪ್ರಕಟಣೆಯನ್ನು ಕೊನೆಯವರೆಗೆ ಓದಬೇಕು. ಶೈಲಿ ಮತ್ತು ಉಡುಪಿನ ಷರತ್ತುಗಳು ಅದರ ತುದಿಯಲ್ಲಿ ಸಣ್ಣದಾಗಿ ಇರುವುದುಂಟು. ಸಂಸ್ಥೆಯು ತಾನೇ ಪ್ರಕಟಿಸಿರುವ ಸಿಬ್ಬಂದಿಯ ಚಿತ್ರಗಳಿಂದ ಸ್ವಲ್ಪ ಅಂದಾಜು ಸಿಗುತ್ತದೆ, ಆದರೆ ಅವು ಆರಿಸಿ ತೆಗೆಸಿದ ಚಿತ್ರಗಳಾಗಿರುವುದರಿಂದ ಅವನ್ನೇ ಪೂರ್ತಿ ನಂಬುವಂತಿಲ್ಲ. ಅಲ್ಲಿ ಈಗಾಗಲೇ ದುಡಿಯುತ್ತಿರುವ ಪರಿಚಿತರಿದ್ದರೆ ಅವರ ಒಂದು ಮಾತು ಇದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೇರವಾಗಿ ಕೇಳಲು ಸರಿಯಾದ ಹೊತ್ತೆಂದರೆ ಆಯ್ಕೆಯಾದ ಸುದ್ದಿ ಬಂದ ಮೇಲೆ, ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು. ಆಗ ಅವರಿಗೆ ನೀವು ಬೇಕಾಗಿರುತ್ತೀರಿ, ನಿಮಗೂ ಹಿಂದೆ ಸರಿಯುವ ದಾರಿ ಇರುತ್ತದೆ. ನೇಮಕಾತಿ ವಿಭಾಗಕ್ಕೆ ಹೀಗೆ ಬರೆಯಬಹುದು: "ಕೆಲಸಕ್ಕೆ ಸೇರುವ ಮೊದಲು ಉಡುಪು ಮತ್ತು ವೈಯಕ್ತಿಕ ಅಲಂಕಾರದ ಬಗ್ಗೆ ಸಂಸ್ಥೆಯ ಲಿಖಿತ ನಿಯಮಗಳನ್ನು ಓದಿಕೊಳ್ಳಲು ಬಯಸುತ್ತೇನೆ. ದಯವಿಟ್ಟು ಅದರ ಪ್ರತಿಯನ್ನು ಕಳುಹಿಸಿಕೊಡಬೇಕು." ಇದರಲ್ಲಿ ದೂರೂ ಇಲ್ಲ, ಬೇಡಿಕೆಯೂ ಇಲ್ಲ. ಲಿಖಿತ ನಿಯಮವೇ ಇಲ್ಲವೆಂಬ ಉತ್ತರ ಬಂದರೆ ಅದನ್ನೂ ಇಮೇಲ್‌ನಲ್ಲೇ ಪಡೆದುಕೊಳ್ಳಿ, ಏಕೆಂದರೆ ಬಾಯಿಮಾತಿನ ನಿಯಮ ಮೇಲ್ವಿಚಾರಕರು ಬದಲಾದಂತೆಲ್ಲ ಬದಲಾಗುತ್ತದೆ.

ಗುಂಗುರು ಕೂದಲು, ಸಣ್ಣ ಜಡೆಗಳು, ಜಡೆಗಟ್ಟಿದ ಕೂದಲು ಇವನ್ನು ಕಂಡು ಕೆಲಸ ನಿರಾಕರಿಸಬಹುದೇ?

ಈ ಪ್ರಶ್ನೆಗೆ ಉತ್ತರ ಕಳೆದ ನಲವತ್ತು ವರ್ಷಗಳಲ್ಲಿ ಬದಲಾಗುತ್ತಾ ಬಂದಿದೆ, ಮತ್ತು ಆ ಬದಲಾವಣೆ ಇನ್ನೂ ಪೂರ್ಣವಾಗಿಲ್ಲ. ಅಮೆರಿಕದ ವಿಮಾನಯಾನ ಸಂಸ್ಥೆಯೊಂದರ ಕಪ್ಪುವರ್ಣೀಯ ಮಹಿಳಾ ಉದ್ಯೋಗಿ ತಲೆಗೆ ಅಂಟಿದಂತೆ ಹೆಣೆದ ಜಡೆಗಳನ್ನು ತಡೆಯುವ ನಿಯಮವನ್ನು ಪ್ರಶ್ನಿಸಿದಾಗ, ನ್ಯೂಯಾರ್ಕಿನ ಒಕ್ಕೂಟ ನ್ಯಾಯಾಲಯ 1981ರಲ್ಲಿ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಜಡೆ ಎಂಬುದು ಮನುಷ್ಯ ಹೆಣೆದುಕೊಳ್ಳುವ ಶೈಲಿ, ಹುಟ್ಟಿನಿಂದ ಬಂದ ಲಕ್ಷಣವಲ್ಲ ಎಂಬುದು ಆ ತೀರ್ಪಿನ ತರ್ಕ. ಅದೇ ದೇಶದ ಅಲಬಾಮಾ ರಾಜ್ಯದಲ್ಲಿ ಇದೇ ತರ್ಕ ಮರಳಿ ಬಂತು. ಫೋನಿನಲ್ಲಿ ಗ್ರಾಹಕರಿಗೆ ಉತ್ತರಿಸುವ ಕೆಲಸವೊಂದಕ್ಕೆ 2010ರಲ್ಲಿ ಆಯ್ಕೆಯಾಗಿದ್ದ ಅಭ್ಯರ್ಥಿಯೊಬ್ಬರು ಜಡೆಗಟ್ಟಿದ ಕೂದಲನ್ನು ಕತ್ತರಿಸಲು ಒಪ್ಪದಿದ್ದಾಗ ಕೊಟ್ಟ ಕೆಲಸವನ್ನೇ ಹಿಂಪಡೆಯಲಾಯಿತು. ಅಲಬಾಮಾ ಸೇರಿದಂತೆ ಕೆಲವು ರಾಜ್ಯಗಳಿರುವ ಹನ್ನೊಂದನೆಯ ವಲಯದ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಅವರ ಪರವಾಗಿ ನಿಲ್ಲಲಿಲ್ಲ. ಗ್ರಾಹಕರು ಕಣ್ಣಿನಿಂದ ನೋಡದೇ ಇರುವ ಕೆಲಸದಲ್ಲಿ ಕೂದಲಿಗೇನು ಕೆಲಸ ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ.

ಶೈಲಿ ಬೇರೆ, ಲಕ್ಷಣ ಬೇರೆ ಎಂಬ ಈ ವಿಂಗಡಣೆ ಕೇಳಲು ಸ್ಪಷ್ಟವಾಗಿದ್ದರೂ ಬಳಕೆಯಲ್ಲಿ ನಿಲ್ಲುವುದಿಲ್ಲ. ಬಿಗಿ ಸುರುಳಿಯ ಕೂದಲು ಒಣಗುವುದೂ ತುಂಡಾಗುವುದೂ ಬೇಗ. ಅದನ್ನು ಕಾಪಾಡಿಕೊಳ್ಳುವ ವಿಧಾನವೇ ಹೆಣೆಯುವುದು ಅಥವಾ ಜಡೆಗಟ್ಟಲು ಬಿಡುವುದು. ಹೆಣೆಯಬಾರದು, ಹಾಗೆಯೇ ಬಿಡಲೂಬಾರದು ಎಂದರೆ ಉಳಿಯುವುದು ಬಿಸಿ ಇಸ್ತ್ರಿ, ತೀಕ್ಷ್ಣ ರಾಸಾಯನಿಕ, ಇಲ್ಲವೇ ಕತ್ತರಿ. ನೇರ ಕೂದಲಿನವರಿಗೆ ಬಾಚಣಿಗೆಯಲ್ಲಿ ಮುಗಿಯುವ ನಿಯಮಪಾಲನೆ ಇವರಿಗೆ ನೆತ್ತಿ ಸುಡುವ ಕೆಲಸವಾಗುತ್ತದೆ. ಇದನ್ನು ಮನಗಂಡ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈನಲ್ಲಿ ಕ್ರೌನ್ ಕಾಯ್ದೆಯನ್ನು ತಂದು, ಜನಾಂಗ ಎಂಬುದರ ಅರ್ಥವ್ಯಾಪ್ತಿಗೆ ಕೂದಲಿನ ಸ್ವರೂಪವನ್ನೂ ಜಡೆಗಟ್ಟಿದ, ಹೆಣೆದ, ಹುರಿಮಾಡಿದ ಶೈಲಿಗಳನ್ನೂ ಸೇರಿಸಿತು. ನ್ಯೂಯಾರ್ಕ್ ಅದೇ ತಿಂಗಳು ಹಿಂಬಾಲಿಸಿತು, ಟೆಕ್ಸಾಸ್‌ನಲ್ಲಿ ಇಂಥದೇ ಕಾಯ್ದೆ 2023ರ ಸೆಪ್ಟೆಂಬರಿನಿಂದ ಜಾರಿಗೆ ಬಂತು. ಇಡೀ ದೇಶಕ್ಕೆ ಅನ್ವಯವಾಗುವ ಮಸೂದೆಯನ್ನು 2022ರಲ್ಲಿ ಪ್ರತಿನಿಧಿ ಸಭೆ ಅಂಗೀಕರಿಸಿತಾದರೂ ಅದು ಸೆನೆಟ್ ದಾಟಲಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಸಭೆಯು 2024ರ ಮಾರ್ಚ್‌ನಲ್ಲಿ ಕೂದಲಿನ ಆಧಾರದ ತಾರತಮ್ಯವನ್ನು ತಡೆಯುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು.

ಧರ್ಮಕ್ಕಾಗಿ ಗಡ್ಡ, ಪೇಟ, ತಲೆವಸ್ತ್ರ ಧರಿಸುತ್ತೇನೆ. ಸಂದರ್ಶನದಲ್ಲಿ ನಾನೇ ಮೊದಲು ಹೇಳಬೇಕೇ?

ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಆದರೆ ಹೇಳುವುದರಿಂದ ಅನುಕೂಲವಾಗುವ ಸಂದರ್ಭಗಳಿವೆ. ಅಮೆರಿಕದ ಬಟ್ಟೆ ಮಾರಾಟ ಸಂಸ್ಥೆಯಾದ ಅಬರ್‌ಕ್ರಾಂಬಿ ಅಂಡ್ ಫಿಚ್ ಮೇಲಿನ ಪ್ರಕರಣ ಈ ಪ್ರಶ್ನೆಯನ್ನೇ ಕುರಿತದ್ದು. ತಲೆವಸ್ತ್ರ ಧರಿಸಿ ಬಂದ ಯುವತಿಗೆ ಸಂದರ್ಶನದಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು, ಆದರೆ ತಲೆಗೆ ಟೋಪಿ ಧರಿಸಬಾರದೆಂಬ ನಿಯಮವನ್ನು ಮುಂದಿಟ್ಟು ಕೆಲಸ ಕೊಡಲಿಲ್ಲ. ಧಾರ್ಮಿಕ ವಿನಾಯಿತಿ ಬೇಕೆಂದು ಆಕೆ ಬಾಯಿಬಿಟ್ಟು ಕೇಳಿರಲಿಲ್ಲವೆಂದು ಸಂಸ್ಥೆ ವಾದಿಸಿತು. ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಎಂಟಕ್ಕೆ ಒಂದರ ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು: ವಿನಾಯಿತಿ ಕೊಡುವುದನ್ನು ತಪ್ಪಿಸಿಕೊಳ್ಳುವ ಉದ್ದೇಶವೇ ನಿರಾಕರಣೆಗೆ ಪ್ರೇರಣೆಯಾಗಿದ್ದರೆ ಸಾಕು, ಅಭ್ಯರ್ಥಿ ಕೇಳಿದ್ದರೋ ಇಲ್ಲವೋ ಎಂಬುದು ನಿರ್ಣಾಯಕವಲ್ಲ. ವಿನಾಯಿತಿ ಕೊಟ್ಟರೆ ಹೊರೆಯಾಗುತ್ತದೆ ಎನ್ನುವ ಸಂಸ್ಥೆ, ತನ್ನ ವ್ಯವಹಾರದ ದೃಷ್ಟಿಯಿಂದ ಅದು ಗಣನೀಯವಾದ ಹೊರೆಯೆಂದೇ ತೋರಿಸಬೇಕೆಂದು ಅದೇ ನ್ಯಾಯಾಲಯ 2023ರಲ್ಲಿ ಹೇಳಿತು.

ಯುರೋಪಿನ ಚಿತ್ರ ಇಷ್ಟು ಸರಳವಲ್ಲ. ವಿಮಾನಯಾನ ಉದ್ಯೋಗಿಯೊಬ್ಬರು ಕೊರಳಲ್ಲಿ ಕಾಣುವಂತೆ ಸಣ್ಣ ಶಿಲುಬೆ ಧರಿಸುವುದನ್ನು ತಡೆದದ್ದು ಸರಿಯಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ಯಾವುದೇ ಧರ್ಮದ, ರಾಜಕೀಯದ ಗುರುತೂ ಕಾಣಬಾರದೆಂಬ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದರೆ ಅದು ನೇರ ತಾರತಮ್ಯವಾಗುವುದಿಲ್ಲವೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿತು. ಸುರಕ್ಷತೆಯ ನಿಯಮವೇ ನಂಬಿಕೆಗೆ ದಾರಿಬಿಟ್ಟ ಉದಾಹರಣೆಯೂ ಇದೆ: ಬ್ರಿಟನ್ನಿನಲ್ಲಿ ಪೇಟ ಧರಿಸುವ ಸಿಖ್ಖರಿಗೆ ಕಟ್ಟಡ ನಿರ್ಮಾಣ ಸ್ಥಳದಲ್ಲಿ ಗಟ್ಟಿಟೋಪಿಯಿಂದ 1989ರ ಉದ್ಯೋಗ ಕಾಯ್ದೆ ವಿನಾಯಿತಿ ಕೊಟ್ಟಿತು, 2015ರಲ್ಲಿ ಆ ವಿನಾಯಿತಿಯನ್ನು ಕೆಲವು ಅಪವಾದಗಳೊಂದಿಗೆ ಇತರ ಕೆಲಸದ ಜಾಗಗಳಿಗೂ ವಿಸ್ತರಿಸಲಾಯಿತು.

ಇದರಿಂದ ಅಭ್ಯರ್ಥಿ ತೆಗೆದುಕೊಳ್ಳಬಹುದಾದ ಸಲಹೆಯೆಂದರೆ, ಆಯ್ಕೆಯಾದ ಮೇಲೆ ನಿಮಗೆ ಬೇಕಾದ ವಿನಾಯಿತಿಯನ್ನು ಬರವಣಿಗೆಯಲ್ಲಿ, ಸ್ಪಷ್ಟ ಮಾತಿನಲ್ಲಿ ಕೇಳಿ, ಜೊತೆಗೆ ಒಂದು ಪರಿಹಾರವನ್ನೂ ಸೂಚಿಸಿ. ಸಮವಸ್ತ್ರದ ಬಣ್ಣಕ್ಕೆ ಹೊಂದುವ ತಲೆವಸ್ತ್ರ, ಬಲೆಯಿಂದ ಮುಚ್ಚಿದ ಗಡ್ಡ ಇಂಥ ಸೂಚನೆ ಮುಂದಿದ್ದಾಗ ಇಲ್ಲವೆನ್ನುವವರು ಕಾರಣ ಹುಡುಕಬೇಕಾಗುತ್ತದೆ.

ಕ್ಷೌರ ಮಾಡಿದರೆ ಮುಖದಲ್ಲಿ ಗುಳ್ಳೆಗಳೇಳುತ್ತವೆ. ಗಡ್ಡ ಬೇಡವೆನ್ನುವ ಕಡೆ ಏನು ಮಾಡಲಿ?

ಕತ್ತರಿಸಿದ ಸುರುಳಿಗೂದಲಿನ ಮೊನೆ ಮತ್ತೆ ಚರ್ಮದೊಳಕ್ಕೇ ಬಾಗಿ ಚುಚ್ಚುವುದರಿಂದ ಈ ಗುಳ್ಳೆಗಳು ಏಳುತ್ತವೆ. ಇದು ಕಪ್ಪುವರ್ಣೀಯ ಗಂಡಸರಲ್ಲಿ ಬಹಳ ಹೆಚ್ಚು. ಕ್ಷೌರ ನಿಲ್ಲಿಸುವುದೇ ಇದಕ್ಕೆ ಖಚಿತವಾದ ಉಪಾಯ. ಪಿಜ್ಜಾ ತಲುಪಿಸುವವರಿಗೆ ಗಡ್ಡ ಇರಬಾರದೆಂಬ ನಿಯಮದ ವಿರುದ್ಧ ಬಂದ ಪ್ರಕರಣದಲ್ಲಿ, ಅಮೆರಿಕದ ಎಂಟನೆಯ ವಲಯದ ಮೇಲ್ಮನವಿ ನ್ಯಾಯಾಲಯ 1993ರಲ್ಲಿ, ಗ್ರಾಹಕರಿಗೆ ಗಡ್ಡ ಹಿಡಿಸುವುದಿಲ್ಲ ಎಂಬುದು ಇಂಥ ನಿಯಮವನ್ನು ಸಮರ್ಥಿಸಲು ಸಾಲದೆಂದು ಹೇಳಿತು. ಚರ್ಮವೈದ್ಯರಿಂದ ಪ್ರಮಾಣಪತ್ರ ಪಡೆದು, ಗಡ್ಡವನ್ನು ಇಂತಿಷ್ಟೇ ಉದ್ದಕ್ಕೆ ಕತ್ತರಿಸಿಟ್ಟುಕೊಳ್ಳುವುದಾಗಿ ತಿಳಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ವೈದ್ಯಕೀಯ ಕಾರಣಕ್ಕೆ ಗಡ್ಡ ಬಿಡಲು ಅನುಮತಿಸುವ ಸಂಸ್ಥೆ ಧಾರ್ಮಿಕ ಕಾರಣಕ್ಕೆ ಮಾತ್ರ ನಿರಾಕರಿಸುವಂತಿಲ್ಲ ಎಂಬ ತೀರ್ಪು ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕ್ ನಗರದ ಪೊಲೀಸರ ಪ್ರಕರಣದಲ್ಲಿ 1999ರಲ್ಲಿ ಬಂದಿದೆ.

ಗಂಡಸರಿಗೆ ಒಂದು ನಿಯಮ, ಹೆಂಗಸರಿಗೆ ಇನ್ನೊಂದು ನಿಯಮ ಇರಬಹುದೇ?

ಅನೇಕ ಕಡೆ ನ್ಯಾಯಾಲಯಗಳು ಇದನ್ನು ಒಪ್ಪಿವೆ, ಎರಡೂ ನಿಯಮಗಳ ಹೊರೆ ಸಮನಾಗಿರಬೇಕು ಎಂಬ ಷರತ್ತಿನೊಂದಿಗೆ. ಅಮೆರಿಕದ ನೆವಾಡಾ ರಾಜ್ಯದ ಕ್ಯಾಸಿನೊ (ಜೂಜುಕೇಂದ್ರ) ಒಂದರಲ್ಲಿ ಹೆಂಗಸರು ಮುಖಕ್ಕೆ ಮೇಕಪ್ ಹಾಕಿಕೊಂಡು ಕೂದಲನ್ನು ಶೈಲಿಯಾಗಿ ಬಿಟ್ಟುಕೊಳ್ಳಬೇಕು, ಗಂಡಸರ ಕೂದಲು ಅಂಗಿಯ ಕಾಲರ್ ದಾಟಬಾರದು ಎಂಬ ನಿಯಮವಿತ್ತು. ಮೇಕಪ್ ಒಲ್ಲೆನೆಂದ ಮಹಿಳೆ ಕೆಲಸ ಕಳೆದುಕೊಂಡರು. ಒಂಬತ್ತನೆಯ ವಲಯದ ನ್ಯಾಯಾಲಯ 2006ರಲ್ಲಿ ಹೊರೆ ಅಸಮವೆಂದು ಸಾಬೀತಾಗಿಲ್ಲ ಎಂದಿತು. ಕನ್ನಡಿಯ ಮುಂದೆ ಕಳೆಯುವ ಹೊತ್ತು, ಸಾಮಗ್ರಿಯ ಖರ್ಚು ಇವುಗಳ ಲೆಕ್ಕವನ್ನು ಯಾರೂ ನ್ಯಾಯಾಲಯದ ಮುಂದೆ ಇಟ್ಟಿರಲಿಲ್ಲ ಎಂಬುದು ಆ ತೀರ್ಪಿಗೆ ಒಂದು ಕಾರಣ. ಇಂಥ ಖರ್ಚಿನ ಚೀಟಿಗಳನ್ನು ಇಟ್ಟುಕೊಳ್ಳುವುದು ವ್ಯರ್ಥವಲ್ಲ.

ಇನ್ನೊಂದು ಕಡೆ, ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಪಾಲುದಾರಿಕೆ ಬಯಸಿದ ಮಹಿಳೆಗೆ, ಇನ್ನಷ್ಟು ಹೆಣ್ಣಿನಂತೆ ನಡೆ, ಉಡು, ಮೇಕಪ್ ಮಾಡಿಕೊ, ಕೂದಲನ್ನು ಶೈಲಿಯಾಗಿ ಮಾಡಿಸಿಕೊ ಎಂಬರ್ಥದ ಸಲಹೆ ಕೊಟ್ಟದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಲಿಂಗದ ಪಡಿಯಚ್ಚಿಗೆ ಒಗ್ಗಿಸುವ ತಾರತಮ್ಯವೆಂದೇ ಕಂಡಿತು. ಉದ್ದ ಕೂದಲಿನ ಗಂಡಸರಿಗೆ ಮಾತ್ರ ಕಾನೂನಿನ ನೆರವು ಇನ್ನೂ ತೆಳುವಾಗಿದೆ. ತಮ್ಮ ಲಿಂಗ ಗುರುತಿಗೆ ತಕ್ಕಂತೆ ಕೂದಲು ಬಿಡುವ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ರಕ್ಷಣೆ ಕೊಡುವ ಕಾಯ್ದೆಗಳು ಹಲವು ದೇಶಗಳಲ್ಲಿವೆ. ಭಾರತದಲ್ಲಿ 2019ರ ಕಾಯ್ದೆಯು ಉದ್ಯೋಗದಲ್ಲಿ ಅವರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದೆ.

ಬಣ್ಣ ಹಚ್ಚಿದ ಕೂದಲು, ಹಚ್ಚೆ, ಹುಬ್ಬಿಗೆ ಚುಚ್ಚಿಸಿಕೊಂಡ ಉಂಗುರ?

ಇವುಗಳಿಗೆ ಕಾನೂನಿನ ರಕ್ಷಣೆ ಬಹಳ ಕಡಿಮೆ. ಹಚ್ಚೆಯು ಸಮುದಾಯದ ಅಥವಾ ನಂಬಿಕೆಯ ಗುರುತಾಗಿದ್ದರೆ ಮಾತ್ರ ವಾದಕ್ಕೆ ಎಡೆಯಿದೆ. ಆದರೆ ಕಾನೂನಿಗಿಂತ ಮೊದಲೇ ಸಂಸ್ಥೆಗಳು ಬದಲಾಗುತ್ತಿವೆ. ಏರ್ ನ್ಯೂಜಿಲೆಂಡ್ 2019ರ ಸೆಪ್ಟೆಂಬರಿನಿಂದ ಕಾಣುವ ಹಚ್ಚೆಗಳಿಗೆ ಅವಕಾಶ ಕೊಟ್ಟಿತು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಪಾರಂಪರಿಕ ಹಚ್ಚೆಯ ಕಾರಣಕ್ಕೆ ಕೆಲಸ ಸಿಗದೇ ಹೋದವರ ದೂರುಗಳು ಆ ದೇಶದಲ್ಲಿ ಚರ್ಚೆಯಾಗಿದ್ದವು. ವರ್ಜಿನ್ ಅಟ್ಲಾಂಟಿಕ್ ಸಂಸ್ಥೆ 2019ರಲ್ಲಿ ಮಹಿಳಾ ಸಿಬ್ಬಂದಿಗೆ ಮೇಕಪ್ ಕಡ್ಡಾಯವಲ್ಲವೆಂದಿತು, 2022ರಲ್ಲಿ ಹಚ್ಚೆಯ ನಿರ್ಬಂಧವನ್ನೂ ಸಡಿಲಿಸಿತು. ಸಂದರ್ಶನದ ದಿನ ಹಚ್ಚೆಯನ್ನು ಉದ್ದ ತೋಳಿನಿಂದ ಮುಚ್ಚಿಕೊಳ್ಳುವುದು, ತೆಗೆಯಬಹುದಾದ ಉಂಗುರವನ್ನು ತೆಗೆದಿಡುವುದು ಸುಲಭ, ಅದರಲ್ಲಿ ಕಳೆದುಕೊಳ್ಳುವುದೂ ಏನಿಲ್ಲ.

ಚಿಕಿತ್ಸೆಯಿಂದ ಕೂದಲು ಉದುರಿದೆ. ತಲೆವಸ್ತ್ರ ಕಟ್ಟಿಕೊಂಡು ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ವಿಗ್, ತಲೆವಸ್ತ್ರ, ಬರಿತಲೆ ಯಾವುದಾದರೂ ಸರಿ, ಮತ್ತು ಕಾರಣ ಹೇಳುವ ಅಗತ್ಯವಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯು ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ಅದನ್ನು ಅಂಗವೈಕಲ್ಯವೆಂದು ಪರಿಗಣಿಸಿ ರಕ್ಷಣೆ ಕೊಡುತ್ತದೆ. ಸಂದರ್ಶಕರು ಕುತೂಹಲದಿಂದ ಕೇಳಿದರೆ, ಕೆಲಸ ನಿರ್ವಹಿಸಲು ನನಗೆ ಯಾವ ತೊಂದರೆಯೂ ಇಲ್ಲ ಎಂದಷ್ಟೇ ಹೇಳಿ ಮಾತನ್ನು ಕೆಲಸದತ್ತ ತಿರುಗಿಸಬಹುದು.

ಸೇನೆ, ಪೊಲೀಸ್ ಇಂಥ ಸಮವಸ್ತ್ರದ ಪಡೆಗಳಲ್ಲಿ ವಿನಾಯಿತಿ ಸಿಗುತ್ತದೆಯೇ?

ಇಲ್ಲಿ ಏಕರೂಪತೆಯೇ ಶಿಸ್ತಿನ ಭಾಗವೆಂದು ಭಾವಿಸುವುದರಿಂದ ನ್ಯಾಯಾಲಯಗಳು ಪಡೆಗಳ ಮಾತಿಗೆ ಹೆಚ್ಚು ತೂಕ ಕೊಡುತ್ತವೆ. ಭಾರತದ ವಾಯುಪಡೆಯಲ್ಲಿ ಗಡ್ಡ ಬಿಟ್ಟದ್ದಕ್ಕಾಗಿ ಸೇವೆಯಿಂದ ಹೊರಬಿದ್ದ ಸಿಬ್ಬಂದಿಯ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಕೂದಲು ಕತ್ತರಿಸುವುದನ್ನೋ ಕ್ಷೌರವನ್ನೋ ಧರ್ಮವೇ ನಿಷೇಧಿಸಿರುವವರಿಗೆ ಮಾತ್ರ ಅಲ್ಲಿನ ನಿಯಮ ವಿನಾಯಿತಿ ಕೊಡುತ್ತದೆ. ಅಮೆರಿಕದ ಭೂಸೇನೆ 2021ರಲ್ಲಿ ಮಹಿಳಾ ಸೈನಿಕರಿಗೆ ಜುಟ್ಟು ಬಿಡಲು ಅವಕಾಶ ಕೊಟ್ಟಿತು; ವರ್ಷಗಟ್ಟಲೆ ಬಿಗಿ ತುರುಬು ಕಟ್ಟುವುದರಿಂದ ಕೂದಲು ಉದುರುತ್ತದೆ, ಶಿರಸ್ತ್ರಾಣವೂ ಸರಿಯಾಗಿ ಕೂರುವುದಿಲ್ಲ ಎಂಬ ಕಾರಣಗಳು ಅದರ ಹಿಂದಿದ್ದವು. ಇಂಥ ಪಡೆಗಳ ನಿಯಮಗಳು ಆಡಳಿತ ಬದಲಾದಂತೆ ಸಡಿಲವಾಗುವುದೂ ಬಿಗಿಯಾಗುವುದೂ ಉಂಟು, ಆದ್ದರಿಂದ ಅರ್ಜಿ ಹಾಕುವ ವರ್ಷದ ನಿಯಮವನ್ನೇ ಓದಬೇಕು.

ಅರ್ಜಿಯ ಜೊತೆ ಭಾವಚಿತ್ರ ಕೇಳಿದರೆ ಕೊಡಬೇಕೇ?

ಪ್ರಕಟಣೆಯಲ್ಲಿ ಕಡ್ಡಾಯವೆಂದಿದ್ದರೆ ಕೊಡದೆ ಬೇರೆ ದಾರಿ ಇರುವುದಿಲ್ಲ, ಕೇಳದಿದ್ದರೆ ಸೇರಿಸಬೇಡಿ. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗವು ಅಭ್ಯರ್ಥಿಗಳ ಚಿತ್ರ ಕೇಳಬಾರದೆಂದು ಉದ್ಯೋಗದಾತರಿಗೆ ತಿಳಿಹೇಳಿದೆ.

ಕೂದಲಿನ ಕಾರಣಕ್ಕೇ ಕೆಲಸ ತಪ್ಪಿತೆಂದು ಅನಿಸುತ್ತಿದೆ. ಮುಂದೇನು ಮಾಡಬೇಕು?

ಆ ದಿನವೇ ಕೂತು ಬರೆಯಿರಿ: ಯಾರು, ಯಾವಾಗ, ಯಾವ ಪದಗಳಲ್ಲಿ ಹೇಳಿದರು ಎಂಬುದನ್ನು ನಿಮ್ಮ ವ್ಯಾಖ್ಯಾನ ಸೇರಿಸದೆ ದಾಖಲಿಸಿ. ಪ್ರಕಟಣೆಯ ಪ್ರತಿ, ಇಮೇಲ್‌ಗಳು, ಸಂದರ್ಶನಕ್ಕೆ ಹೋದ ದಿನದ ನಿಮ್ಮ ಚಿತ್ರ ಇದ್ದರೆ ಅದು, ಇವನ್ನೆಲ್ಲ ಒಂದೆಡೆ ಇಡಿ. ನಂತರ ಆಯ್ಕೆಯಾಗದಿರಲು ಕಾರಣವೇನೆಂದು ಸೌಜನ್ಯದಿಂದ ಬರೆದು ಕೇಳಿ. ಉತ್ತರ ಬಂದರೆ ಅದು ದಾಖಲೆ, ಬಾರದಿದ್ದರೆ ಕೇಳಿದ್ದಕ್ಕೆ ನಿಮ್ಮ ಪತ್ರವೇ ದಾಖಲೆ. ಒಳಗಿನ ದೂರು ವ್ಯವಸ್ಥೆ ಅಭ್ಯರ್ಥಿಗಳಿಗೂ ತೆರೆದಿದ್ದರೆ ಮೊದಲು ಅದನ್ನು ಬಳಸಬಹುದು, ಆದರೆ ಅದರ ಉತ್ತರಕ್ಕಾಗಿ ಕಾಯುತ್ತಾ ಕಾನೂನಿನ ಗಡುವನ್ನು ಕಳೆದುಕೊಳ್ಳಬಾರದು. ಆ ಗಡುವುಗಳು ಅಂದುಕೊಂಡದ್ದಕ್ಕಿಂತ ಚಿಕ್ಕವು: ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಸಾಮಾನ್ಯವಾಗಿ 180 ದಿನಗಳೊಳಗೆ, ಸ್ಥಳೀಯ ಕಾನೂನೂ ಅದೇ ತಾರತಮ್ಯವನ್ನು ತಡೆಯುವ ರಾಜ್ಯಗಳಲ್ಲಿ 300 ದಿನಗಳೊಳಗೆ ದೂರು ಸಲ್ಲಿಸಬೇಕು, ಮತ್ತು ಆ ಎಣಿಕೆ ಶುರುವಾಗುವುದು ಕೆಲಸ ನಿರಾಕರಿಸಿದ ದಿನದಿಂದ. ನಿಮ್ಮ ದೇಶದಲ್ಲಿ ಗಡುವು ಎಷ್ಟೆಂಬುದನ್ನು ಕಾರ್ಮಿಕ ಇಲಾಖೆಯಲ್ಲಾಗಲಿ, ಉಚಿತ ಕಾನೂನು ನೆರವು ಕೇಂದ್ರದಲ್ಲಾಗಲಿ ಮೊದಲ ವಾರದಲ್ಲೇ ವಿಚಾರಿಸಿಕೊಳ್ಳಿ.